ಅಮೆರಿಕದಲ್ಲಿ ಜುಲೈ 4ರಂದೇ ಇಷ್ಟೊಂದು ನಡೆದಿದ್ದು ಹೇಗೆ? ಗೋಡೆ ಪತ್ರಿಕೆಗೆ ಸಹಾಯ ಬೇಕು

ಸಮಾಜ ಟೀಚರ್, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಬೆಳಿಗ್ಗೆ ಪ್ರಾರ್ಥನೆ ಹೊತ್ತಿನಲ್ಲಿ ಮಕ್ಕಳು ‘ದಿನದ ವಿಶೇಷ’ ಓದುತ್ತಾರಲ್ಲ, ಯಾರ ಜಯಂತಿ, ಯಾವ ದಿನಾಚರಣೆ ಅಂತ ಎರಡು ಸಾಲು ಓದಿ ಮುಗಿಸುತ್ತಾರೆ, ಉಳಿದವರು ಕೇಳಿಸಿಕೊಳ್ಳುವುದೂ ಇಲ್ಲ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಬರುತ್ತಿದೆ. ಈ ಸಲ ಒಂದೇ ತಾರೀಖು ಹಿಡಿದು, ಆ ದಿನ ಬೇರೆ ಬೇರೆ ವರ್ಷಗಳಲ್ಲಿ ಅಮೆರಿಕದಲ್ಲಿ ಏನೇನಾಯಿತು ಅಂತ ಒಂದು ಗೋಡೆ ಪತ್ರಿಕೆ ಮಾಡಿಸಬೇಕು ಅಂದುಕೊಂಡಿದ್ದೇನೆ.

ನೆಟ್‌ನಲ್ಲಿ ಹುಡುಕಿದರೆ ಉದ್ದುದ್ದ ಪಟ್ಟಿ ಸಿಗುತ್ತದೆ. ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಮಕ್ಕಳು ಅದನ್ನು ನೋಡಿ ಬರೆದು ಮರೆತುಬಿಡುತ್ತಾರೆ. ಆದರೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ‘ಮಿಸ್, ಅಮೆರಿಕದ ಅಧ್ಯಕ್ಷರಾಗಿದ್ದ ಆಡಮ್ಸ್, ಜೆಫರ್ಸನ್ ಇಬ್ಬರೂ ಒಂದೇ ದಿನ ಸತ್ತರಂತೆ, ಅದೂ ಜುಲೈ 4ನೇ ತಾರೀಖಂತೆ, ನಿಜವಾ? ಹಾಗೆಲ್ಲ ಹೇಗಾಗುತ್ತೆ?’ ಈ ‘ಹೇಗಾಗುತ್ತೆ’ ಅನ್ನುವುದಕ್ಕೇ ಉತ್ತರ ಹುಡುಕಿಸುವ ಹಾಗೆ ಪತ್ರಿಕೆ ಬರಬೇಕು ಅಂತ ನನ್ನ ಆಸೆ. ಇನ್ನೊಂದು ವಿಷಯ, ಸ್ಟಾಫ್ ರೂಮಿನ ವಾಟ್ಸಾಪ್ ಗುಂಪಿಗೆ ಲಿಂಕನ್ ಮತ್ತು ಕೆನಡಿ ಬಗ್ಗೆ ಒಂದು ಮೆಸೇಜ್ ಬಂದಿದೆ, ಇಬ್ಬರ ಬದುಕಿನಲ್ಲೂ ಎಲ್ಲವೂ ಒಂದೇ ಥರ ನಡೆದಿದೆ ಅಂತ. ಅದನ್ನು ಹಾಕಬಹುದಾ? ತಿಳಿದವರು ಹೇಳಿ.

ಹಾಸನದ ಓದುಗ

ಮೇಡಂ, ಮೊದಲು ಆ ಹುಡುಗಿಗೆ ಉತ್ತರ. ನಿಜ, ಅದರಲ್ಲಿ ಅನುಮಾನ ಬೇಡ. 1826ರ ಜುಲೈ 4. ಥಾಮಸ್ ಜೆಫರ್ಸನ್ ವರ್ಜೀನಿಯಾದ ಮಾಂಟಿಸೆಲ್ಲೋದಲ್ಲಿ, ತಮ್ಮ ಮನೆಯಲ್ಲೇ, ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ತೀರಿಕೊಂಡರು. ಆಗ ಅವರಿಗೆ 83 ವರ್ಷ. ಜಾನ್ ಆಡಮ್ಸ್ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಅದೇ ದಿನ ಸಂಜೆ ಹೋದರು. ಅವರಿಗೆ 90. ಸ್ವಾತಂತ್ರ್ಯ ಘೋಷಣೆಗೆ ಅಂದೇ 50 ವರ್ಷ ತುಂಬಿತ್ತು, ದೇಶವೆಲ್ಲ ಹಬ್ಬ ಮಾಡುತ್ತಿತ್ತು. ಆಡಮ್ಸ್ ಕೊನೆಗೆ ‘ಜೆಫರ್ಸನ್ ಇನ್ನೂ ಇದ್ದಾರೆ’ ಎನ್ನುವ ಅರ್ಥದ ಮಾತು ಆಡಿದರು ಅಂತ ಹೇಳುತ್ತಾರೆ. ಅಷ್ಟರಲ್ಲಿ ಜೆಫರ್ಸನ್ ಹೋಗಿ ಕೆಲವು ಗಂಟೆ ಆಗಿತ್ತು. ಫೋನು, ತಂತಿ ಏನೂ ಇಲ್ಲದ ಕಾಲ. ಆಗ ಅಧ್ಯಕ್ಷರಾಗಿದ್ದವರು ಆಡಮ್ಸ್ ಅವರ ಮಗನೇ, ಜಾನ್ ಕ್ವಿನ್ಸಿ ಆಡಮ್ಸ್. ಅವರಿಗೇ ತಂದೆ ಹೋದ ಸುದ್ದಿ ಸಿಕ್ಕಿದ್ದು ದಿನಗಳ ಮೇಲೆ, ವಾಷಿಂಗ್ಟನ್‌ನಿಂದ ಹೊರಟು ದಾರಿಯಲ್ಲಿರುವಾಗ.

ಬರೀ ತಾರೀಖು ಹೇಳಿದರೆ ಸಾಲದು, ಇವರಿಬ್ಬರ ಸ್ನೇಹದ ಕಥೆಯನ್ನೂ ಹೇಳಿ ಮೇಡಂ. 1776ರಲ್ಲಿ ಘೋಷಣೆಯ ಕರಡು ತಯಾರಿಸಲು ಐದು ಜನರ ಸಮಿತಿ ಇತ್ತು, ಇಬ್ಬರೂ ಅದರಲ್ಲಿದ್ದರು. ಬರೆದವರು ಜೆಫರ್ಸನ್. ಸಭೆಯಲ್ಲಿ ಅದರ ಪರವಾಗಿ ನಿಂತು ವಾದ ಮಾಡಿದವರು ಆಡಮ್ಸ್. ಆಮೇಲೆ ರಾಜಕೀಯ ಇಬ್ಬರನ್ನೂ ದೂರ ಮಾಡಿತು. 1800ರ ಚುನಾವಣೆಯಲ್ಲಿ ಜೆಫರ್ಸನ್ ಎದುರು ಆಡಮ್ಸ್ ಸೋತರು. ಗೆದ್ದವರ ಪ್ರಮಾಣ ವಚನ ನೋಡಲು ನಿಲ್ಲದೆ, 1801ರ ಮಾರ್ಚ್ 4ರಂದು ಬೆಳಕು ಹರಿಯುವ ಮೊದಲೇ ಊರು ಬಿಟ್ಟರು. ಹನ್ನೊಂದು ವರ್ಷ ಹೀಗೇ ಕಳೆಯಿತು. ಕೊನೆಗೆ ಇಬ್ಬರಿಗೂ ಬೇಕಾದವರಾಗಿದ್ದ ಬೆಂಜಮಿನ್ ರಷ್ ಎಂಬ ವೈದ್ಯರು ನಡುವೆ ನಿಂತು ರಾಜಿ ಮಾಡಿಸಿದರು. 1812ರಲ್ಲಿ ಆಡಮ್ಸ್ ಮೊದಲ ಪತ್ರ ಹಾಕಿದರು. ಅಲ್ಲಿಂದ ಸಾಯುವ ತನಕ ಪತ್ರ ನಿಲ್ಲಲಿಲ್ಲ. ಧರ್ಮ, ಮುಪ್ಪು, ಓದಿದ ಪುಸ್ತಕ, ಹಳೇ ಜಗಳ ಎಲ್ಲ ಅದರಲ್ಲಿದೆ. ನನಗೆ ಇದು ಆ ದೇಶದ ಇತಿಹಾಸದಲ್ಲೇ ಬಹಳ ಇಷ್ಟವಾದ ಭಾಗ.

ಹೇಗಾಗುತ್ತೆ ಅಂದರೆ, ಒಂದು ಪಾಲು ಹಠ ಇರಬಹುದು. ಜುಲೈ 3ರ ರಾತ್ರಿ ಜೆಫರ್ಸನ್ ಕಣ್ಣು ಬಿಟ್ಟು ‘ಇವತ್ತು ನಾಲ್ಕನೇ ತಾರೀಖಾ?’ ಅಂತ ಕೇಳಿದರು ಎಂದು ಹತ್ತಿರ ಇದ್ದವರು ಬರೆದಿಟ್ಟಿದ್ದಾರೆ. ಆ ದಿನ ನೋಡಿಯೇ ಹೋಗಬೇಕು ಅಂತ ಜೀವ ಹಿಡಿದಿದ್ದರು ಅನ್ನಿಸುತ್ತದೆ. ಆದರೆ ಐದು ವರ್ಷ ಬಿಟ್ಟು, 1831ರ ಜುಲೈ 4ರಂದೇ, ಐದನೇ ಅಧ್ಯಕ್ಷ ಜೇಮ್ಸ್ ಮನ್ರೋ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಅದು 50ನೇ ವರ್ಷವೂ ಅಲ್ಲ, ಏನೂ ಅಲ್ಲ. ಅದನ್ನು ಕಾಕತಾಳೀಯ ಅನ್ನದೆ ಬೇರೆ ದಾರಿ ಇಲ್ಲ. ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ 1836ರ ಜೂನ್ 28ರಂದು ಹೋದರು, ಆರು ದಿನ ಮುಂಚೆ. ಜುಲೈ 4ರ ತನಕ ಜೀವ ಉಳಿಸಲು ಔಷಧಿ ಕೊಡುತ್ತೇವೆ ಅಂದಾಗ ಅವರು ಬೇಡ ಅಂದರು ಎಂಬ ಮಾತಿದೆ.

ಇನ್ನೊಂದು. ಜುಲೈ 4 ಅಂದರೆ ಸ್ವಾತಂತ್ರ್ಯದ ನಿರ್ಣಯ ಮಾಡಿದ ದಿನ ಅಂತ ಬರೆಯಿಸಬೇಡಿ. ನಿರ್ಣಯಕ್ಕೆ ಮತ ಹಾಕಿದ್ದು ಜುಲೈ 2ರಂದು. ಮರುದಿನ ಆಡಮ್ಸ್ ತಮ್ಮ ಹೆಂಡತಿ ಅಬಿಗೇಲ್‌ಗೆ ಪತ್ರ ಬರೆದು, ಮುಂದಿನ ಪೀಳಿಗೆಗಳು ಜುಲೈ 2ನ್ನು ದೊಡ್ಡ ಹಬ್ಬ ಮಾಡುತ್ತವೆ ಎಂದರು. ಜುಲೈ 4ರಂದು ಆಗಿದ್ದು ಘೋಷಣೆಯ ಬರಹಕ್ಕೆ ಒಪ್ಪಿಗೆ. ಅಚ್ಚಾದ ಕಾಗದದ ಮೇಲೆ ಆ ತಾರೀಖಿತ್ತು, ಊರೂರಿಗೆ ಹೋಗಿದ್ದು ಆ ಕಾಗದ, ಜನರ ಮನಸ್ಸಿನಲ್ಲಿ ಅದೇ ಉಳಿಯಿತು. ಹೆಚ್ಚಿನ ಸದಸ್ಯರು ಸಹಿ ಹಾಕಿದ್ದು ಆಗಸ್ಟ್ 2ರಂದು.

ಹಾಗಾಗಿ ನನ್ನ ಸಲಹೆ ಇಷ್ಟೇ. ಪತ್ರಿಕೆಯಲ್ಲಿ ಎರಡು ಬಣ್ಣದ ಪೆನ್ನು ಬಳಸಿ. ತಾನಾಗೇ ಆ ದಿನ ಆಗಿದ್ದಕ್ಕೆ ಒಂದು ಬಣ್ಣ, ಜನ ಬೇಕಂತಲೇ ಆ ದಿನ ಇಟ್ಟುಕೊಂಡಿದ್ದಕ್ಕೆ ಇನ್ನೊಂದು. ಯಾವುದಕ್ಕೆ ಯಾವ ಬಣ್ಣ ಅಂತ ಮಕ್ಕಳೇ ವಾದ ಮಾಡಿ ತೀರ್ಮಾನಿಸಲಿ.

ಬೇಲೂರು ಬಸ್ ಸ್ಟ್ಯಾಂಡ್

ಲಿಂಕನ್, ಕೆನಡಿ ಮೆಸೇಜ್ ದಯವಿಟ್ಟು ಹಾಗೇ ಹಾಕಬೇಡಿ ಮೇಡಂ. ಅರ್ಧ ನಿಜ ಇರುವುದರಿಂದಲೇ ಅದು ಇಷ್ಟು ವರ್ಷದಿಂದ ಓಡಾಡುತ್ತಿದೆ. 1846, 1946ರಲ್ಲಿ ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತಿಗೆ) ಆಯ್ಕೆ, 1860, 1960ರಲ್ಲಿ ಅಧ್ಯಕ್ಷ ಚುನಾವಣೆ ಗೆಲುವು, ಇಬ್ಬರಿಗೂ ಶುಕ್ರವಾರ ಗುಂಡು, ಇಬ್ಬರ ನಂತರವೂ ಜಾನ್ಸನ್ ಹೆಸರಿನವರು, ಇಷ್ಟು ಸರಿ. ಆದರೆ ಆ ಮೆಸೇಜ್ ಹೇಳುವ ಹಾಗೆ ಲಿಂಕನ್‌ಗೆ ಕೆನಡಿ ಅಂತ ಕಾರ್ಯದರ್ಶಿ ಇದ್ದರು ಅನ್ನುವುದಕ್ಕೆ ಆಧಾರವಿಲ್ಲ. ಅವರ ಕಾರ್ಯದರ್ಶಿಗಳೆಂದು ಇತಿಹಾಸದಲ್ಲಿ ಹೆಸರಾದವರು ಜಾನ್ ನಿಕೊಲೆ ಮತ್ತು ಜಾನ್ ಹೇ. ಅಲ್ಲದೆ ನಿಮ್ಮ ವಿಷಯ ಒಂದೇ ತಾರೀಖಿನದು. ಲಿಂಕನ್‌ಗೆ ಗುಂಡು ಬಿದ್ದಿದ್ದು ಏಪ್ರಿಲ್ 14, ಕೆನಡಿಗೆ ನವೆಂಬರ್ 22. ಅದಿಲ್ಲಿ ಸೇರುವುದೇ ಇಲ್ಲ.

ಅರಸೀಕೆರೆ ಜಂಕ್ಷನ್

ಓದುಗರು ಹೇಳಿದ ಎರಡು ಬಣ್ಣದ ಮಾತು ಹಿಡಿಸಿತು. ‘ಬೇಕಂತಲೇ ಇಟ್ಟ ದಿನ’ಕ್ಕೆ ನನ್ನ ಹತ್ತಿರ ಒಳ್ಳೇ ಉದಾಹರಣೆ ಇದೆ. ನಾನು ರೈಲಿನ ಹುಚ್ಚಿನವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

1817ರ ಜುಲೈ 4ರಂದು ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಿನಲ್ಲಿ ಈರಿ ಕಾಲುವೆ ಅಗೆಯಲು ಶುರು ಮಾಡಿದರು. 1825ರಲ್ಲಿ ಮುಗಿಯಿತು. 363 ಮೈಲಿ ಉದ್ದ. ಒಳನಾಡಿನ ಧಾನ್ಯ ಎಲ್ಲ ದೋಣಿ ಹತ್ತಿ ಸೀದಾ ನ್ಯೂಯಾರ್ಕ್ ಬಂದರಿಗೆ ಬರತೊಡಗಿತು. ಬಾಲ್ಟಿಮೋರ್ ವ್ಯಾಪಾರಿಗಳಿಗೆ ಭಯವಾಯಿತು, ನಮ್ಮ ಬಂದರು ಖಾಲಿ ಹೊಡೆಯುತ್ತದೆ ಅಂತ. ಕಾಲುವೆ ತೋಡಲು ಅವರ ಮುಂದೆ ಬೆಟ್ಟ ಸಾಲು ಅಡ್ಡ. ಹಾಗಾದರೆ ಹಳಿ ಹಾಕೋಣ ಅಂದರು. ಆಗ ರೈಲು ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ವಿದ್ಯೆ.

1828ರ ಜುಲೈ 4. ಬಾಲ್ಟಿಮೋರ್ ಅಂಡ್ ಒಹಾಯೊ ರೈಲು ಮಾರ್ಗಕ್ಕೆ ಮೊದಲ ಕಲ್ಲು ಇಟ್ಟವರು ಚಾರ್ಲ್ಸ್ ಕ್ಯಾರಲ್. ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕಿದ್ದವರು ಅವರೊಬ್ಬರೇ. 90 ವರ್ಷ. ಆಡಮ್ಸ್, ಜೆಫರ್ಸನ್ ಹೋಗಿ ಎರಡು ವರ್ಷ ಆಗಿತ್ತಲ್ಲ, ಇವರ ಕೈಯಲ್ಲೇ ಮಾಡಿಸಬೇಕು, ಅದೇ ದಿನ ಮಾಡಿಸಬೇಕು ಅಂತ ಆ ವ್ಯಾಪಾರಿಗಳು ನಿಶ್ಚಯ ಮಾಡಿದ್ದರು. ಕೇಳಿ, ಅದೇ ದಿನ, ಸುಮಾರು 60 ಕಿಲೋಮೀಟರ್ ಆಚೆ, ವಾಷಿಂಗ್ಟನ್ ಹತ್ತಿರ ಚೆಸಾಪೀಕ್ ಅಂಡ್ ಒಹಾಯೊ ಕಾಲುವೆಗೆ ಗುದ್ದಲಿ ಪೂಜೆ! ಗುದ್ದಲಿ ಹಿಡಿದವರು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಹೊಡೆದರೆ ಬೇರಿಗೆ ತಗುಲಿತು, ಮಣ್ಣು ಏಳಲಿಲ್ಲ. ಮತ್ತೆ ಮತ್ತೆ ಹೊಡೆದರು. ಕೊನೆಗೆ ಕೋಟು ಬಿಚ್ಚಿಟ್ಟು ಅಗೆದರು, ಜನ ಕೂಗಿ ಕೇಕೆ ಹಾಕಿದರು.

ಎರಡೂ ಮೇರಿಲ್ಯಾಂಡ್‌ನ ಕಂಬರ್ಲ್ಯಾಂಡ್ ಕಡೆಗೆ ಹೊರಟವು. ಪೋಟೊಮ್ಯಾಕ್ ನದಿ ಪಕ್ಕದ ಕಿರಿದಾದ ಜಾಗಕ್ಕಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ಹೊಡೆದಾಡಿದವು. ರೈಲು 1842ರಲ್ಲಿ ಕಂಬರ್ಲ್ಯಾಂಡ್ ಮುಟ್ಟಿತು. ಕಾಲುವೆ ಮುಟ್ಟಿದ್ದು 1850ರಲ್ಲಿ, ಅಲ್ಲಿಗೇ ನಿಂತಿತು, ಹೆಸರಿನಲ್ಲಿದ್ದ ಒಹಾಯೊ ನದಿ ಅದಕ್ಕೆ ಸಿಗಲೇ ಇಲ್ಲ. ರೈಲು 1853ರಲ್ಲಿ ಆ ನದಿಯ ದಂಡೆಗೂ ಹೋಯಿತು. ಸಕಲೇಶಪುರದ ಮಕ್ಕಳು ಘಾಟಿಯ ರೈಲು, ಸುರಂಗ ಎಲ್ಲ ನೋಡಿದವರು. ಬೆಟ್ಟ ಅಡ್ಡ ಬಂದಾಗ ಹಳಿ ಏಕೆ ಗೆದ್ದಿತು ಅಂತ ಅವರಿಗೆ ಜಾಸ್ತಿ ವಿವರಿಸುವುದೂ ಬೇಡ.

ನಮ್ಮಲ್ಲೂ ದಿನ ಆರಿಸಿಕೊಳ್ಳುವುದು ಇದೆ ಅಲ್ವಾ. ಸಂವಿಧಾನ ಅಂಗೀಕಾರವಾಗಿದ್ದು 1949ರ ನವೆಂಬರ್ 26. ಆದರೆ 1930ರ ಜನವರಿ 26ರ ಪೂರ್ಣ ಸ್ವರಾಜ್ ದಿನದ ನೆನಪಿಗೆ 1950ರ ಅದೇ ತಾರೀಖಿನಿಂದ ಜಾರಿ ಮಾಡಿದರು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು, 1973ರ ನವೆಂಬರ್ 1ರಂದೇ ಕರ್ನಾಟಕ ಅಂತ ಹೆಸರು ಬಂತು. ಇದನ್ನೂ ಒಂದು ಮೂಲೆಯಲ್ಲಿ ಹಾಕಿಸಿ. ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ಮೂಡಿಗೆರೆ ತೋಟ

ನಮ್ಮ ಕಡೆಯದೊಂದು. ಡಿಸೆಂಬರ್ 16. 1773ರಲ್ಲಿ ಬ್ರಿಟಿಷರ ಟೀ ತೆರಿಗೆ ವಿರೋಧಿಸಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಟೀ ನೀರಿಗೆ ಎಸೆದರು. 1811ರ ಅದೇ ತಾರೀಖು ಬೆಳಗಿನ ಜಾವ ಮಿಸಿಸಿಪಿ ಕಣಿವೆಯಲ್ಲಿ ನ್ಯೂ ಮ್ಯಾಡ್ರಿಡ್ ಭೂಕಂಪ ಶುರುವಾಯಿತು. 1944ರ ಅದೇ ದಿನ ಬೆಲ್ಜಿಯಂ ಕಾಡಿನಲ್ಲಿ ಅಮೆರಿಕದ ಸೈನ್ಯದ ಮೇಲೆ ಜರ್ಮನಿ ಕೊನೆಯ ದೊಡ್ಡ ದಾಳಿ ಮಾಡಿತು. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ, ಪೂರ್ತಿ ಕಾಕತಾಳೀಯ. ಆದರೂ ಹೇಳಿದ್ದು ಯಾಕೆಂದರೆ, ಟೀ ಬಿಟ್ಟವರು ಕಾಫಿ ಹಿಡಿದರು. 1774ರ ಜುಲೈಯಲ್ಲಿ ಇದೇ ಜಾನ್ ಆಡಮ್ಸ್ ಹೆಂಡತಿಗೆ ಬರೆದ ಪತ್ರದಲ್ಲಿ ಈ ವಿಷಯ ಇದೆ. ದಾರಿಯಲ್ಲಿ ಉಳಿದುಕೊಂಡ ಮನೆಯಲ್ಲಿ ಟೀ ಕೇಳಿದರೆ, ಈ ಮನೆಯಲ್ಲಿ ಟೀ ಬಿಟ್ಟಿದ್ದೇವೆ, ಕಾಫಿ ಮಾಡಿಕೊಡುತ್ತೇನೆ ಅಂದಳಂತೆ ಮನೆಯೊಡತಿ. ಅಲ್ಲಿಂದ ದಿನಾ ಮಧ್ಯಾಹ್ನ ಕಾಫಿಯೇ ಕುಡಿಯುತ್ತಿದ್ದೇನೆ, ಚೆನ್ನಾಗೇ ಒಗ್ಗಿದೆ ಅಂತ ಬರೆದಿದ್ದಾರೆ. ಡಿಸೆಂಬರ್ ಅಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲಿನ ಕಾಲ, ಮಕ್ಕಳ ಮನೆಗಳಲ್ಲೆಲ್ಲ ಕಣದ ತುಂಬ ಕಾಫಿ ಹರಡಿರುತ್ತದೆ. ಆ ವಾರ ಇದನ್ನು ಓದಿಸಿ ಮೇಡಂ.

ಸಮಾಜ ಟೀಚರ್, ಸಕಲೇಶಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೈಲು, ಕಾಲುವೆ ಕಥೆ ಖಂಡಿತ ಹಾಕಿಸುತ್ತೇನೆ. ಒಂದು ಸಂಕಟ ಇದೆ. ಎಲ್ಲ ಮನುಷ್ಯರೂ ಸಮಾನರು ಅಂತ ಆ ಘೋಷಣೆಯಲ್ಲಿ ಬರೆದಿದೆ. ಆಗ ಅಲ್ಲಿ ಗುಲಾಮರಿದ್ದರು ಅಂತಲೂ ಪಾಠದಲ್ಲಿ ಬರುತ್ತದೆ. ನಮ್ಮ ಮಕ್ಕಳು ಇದನ್ನು ಕೇಳದೇ ಬಿಡುವುದಿಲ್ಲ, ಕೇಳಲೇಬೇಕು ಕೂಡ. ಅಂಥ ದೇಶದ ಹಬ್ಬದ ದಿನವನ್ನು ಬರೀ ಹೊಗಳಿ ಪತ್ರಿಕೆ ಮಾಡಲು ನನಗೆ ಮನಸ್ಸಿಲ್ಲ.

ಹಾಸನದ ಓದುಗ

ಅದನ್ನು ಬಿಟ್ಟರೆ ಜುಲೈ 4 ಪೂರ್ತಿಯಾಗುವುದೇ ಇಲ್ಲ ಮೇಡಂ. ಒಳ್ಳೇದಾಯಿತು ಕೇಳಿದ್ದು.

ನ್ಯೂಯಾರ್ಕ್ ರಾಜ್ಯ 1799ರಲ್ಲಿ ಒಂದು ಕಾನೂನು ಮಾಡಿತು. ಆ ವರ್ಷದ ಜುಲೈ 4ರ ನಂತರ ಗುಲಾಮ ತಾಯಿಗೆ ಹುಟ್ಟಿದ ಮಕ್ಕಳು ಇಷ್ಟು ವರ್ಷ ದುಡಿದ ಮೇಲೆ ಸ್ವತಂತ್ರರು ಅಂತ. ಅದಕ್ಕಿಂತ ಮೊದಲು ಹುಟ್ಟಿದವರ ಗತಿ? ಅವರಿಗಾಗಿ 1817ರಲ್ಲಿ ಇನ್ನೊಂದು ಕಾನೂನು ಬಂತು. 1827ರ ಜುಲೈ 4ರಿಂದ ಅವರೂ ಸ್ವತಂತ್ರರು. ಎರಡು ಸಲವೂ ಅದೇ ತಾರೀಖನ್ನು ಬೇಕಂತಲೇ ಹಾಕಿದ್ದು. ಆದರೆ 1827ರಲ್ಲಿ ನ್ಯೂಯಾರ್ಕ್ ನಗರದ ಕಪ್ಪು ಜನ ತಮ್ಮ ದೊಡ್ಡ ಮೆರವಣಿಗೆಯನ್ನು ಜುಲೈ 5ರಂದು ಮಾಡಿದರು. ನಾಲ್ಕನೇ ತಾರೀಖು ಬಿಳಿಯರ ಹಬ್ಬ, ಬೀದಿಯಲ್ಲಿ ಕುಡಿದವರ ಕಾಟ, ಹೊಡೆತ. ಅದಕ್ಕಿಂತ ಜಾಸ್ತಿ, ದೇಶದ ಉಳಿದ ಕಡೆ ಲಕ್ಷಾಂತರ ಜನ ಇನ್ನೂ ಗುಲಾಮರಾಗಿರುವಾಗ ಆ ದಿನ ತಮ್ಮದು ಅಂತ ಅವರಲ್ಲಿ ಬಹಳ ಜನಕ್ಕೆ ಅನ್ನಿಸಲಿಲ್ಲ.

1852ರಲ್ಲಿ ಫ್ರೆಡರಿಕ್ ಡಗ್ಲಸ್ ರಾಚೆಸ್ಟರ್ ಊರಿನಲ್ಲಿ ಮಾಡಿದ ಹೆಸರಾಂತ ಭಾಷಣವೂ ಜುಲೈ 5ರದೇ. ಅವರೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಸ್ವಾತಂತ್ರ್ಯದ ಹಬ್ಬಕ್ಕಾಗಿ ಕರೆದವರ ಎದುರೇ ನಿಂತು, ಈ ಹಬ್ಬ ನಿಮ್ಮದು, ನನ್ನದಲ್ಲ ಎಂದು ಹೇಳಿದರು. ಇದನ್ನು ಪತ್ರಿಕೆಯ ನಡುವೆ, ದೊಡ್ಡ ಅಕ್ಷರದಲ್ಲಿ ಹಾಕಿಸಿ ಅಂತ ನಾನು ಹೇಳುತ್ತೇನೆ.

ಜೆಫರ್ಸನ್ ಬಗ್ಗೆಯೂ ಮುಚ್ಚಿಡುವುದು ಬೇಡ. ಘೋಷಣೆ ಬರೆದ ಅದೇ ಮನುಷ್ಯ ತನ್ನ ಜೀವನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಉಯಿಲಿನಲ್ಲಿ ಬಿಡುಗಡೆ ಕೊಟ್ಟಿದ್ದು ಐದು ಜನರಿಗೆ. ಸಾಲ ಬಹಳ ಇತ್ತು. 1827ರ ಜನವರಿಯಲ್ಲಿ ಮಾಂಟಿಸೆಲ್ಲೋದಲ್ಲಿ ಸುಮಾರು 130 ಜನರ ಹರಾಜಿಗೆ ಜಾಹೀರಾತು ಹಾಕಿದರು. ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ ಕೈಗೆ ಹೋದರು. ಆ 50ನೇ ವರ್ಷದ ಹಬ್ಬ ಮುಗಿದು ಆರು ತಿಂಗಳು ಕಳೆದಿತ್ತು ಅಷ್ಟೇ. ಆಡಮ್ಸ್ ಗುಲಾಮರನ್ನು ಇಟ್ಟುಕೊಂಡವರಲ್ಲ.

ಆಮೇಲೆ 1863ರ ಜುಲೈ 4. ಗುಲಾಮಗಿರಿ ವಿಷಯಕ್ಕೆ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಗೆಟಿಸ್‌ಬರ್ಗ್‌ನಲ್ಲಿ ಮೂರು ದಿನದ ಕಾಳಗ ಸೋತು ದಕ್ಷಿಣದ ಜನರಲ್ ಲೀ ಅಂದು ಹಿಂದೆ ಸರಿಯತೊಡಗಿದರು. ಅದೇ ದಿನ ಮಿಸಿಸಿಪಿ ದಂಡೆಯ ವಿಕ್ಸ್‌ಬರ್ಗ್ ಕೋಟೆ 47 ದಿನದ ಮುತ್ತಿಗೆ ನಂತರ ಉತ್ತರದ ಜನರಲ್ ಗ್ರಾಂಟ್‌ಗೆ ಶರಣಾಯಿತು. ಇದಕ್ಕೆ ಯಾವ ಬಣ್ಣ ಅಂತ ಮಕ್ಕಳನ್ನು ಕೇಳಿ, ಮಜಾ ಇದೆ. ಲೀ ಸೋತಿದ್ದು ತಾನಾಗೇ ಆ ಹೊತ್ತಿಗೆ ಬಂತು. ಆದರೆ ವಿಕ್ಸ್‌ಬರ್ಗ್‌ನಲ್ಲಿದ್ದ ದಕ್ಷಿಣದ ಸೇನಾಪತಿ ಪೆಂಬರ್ಟನ್ ಹುಟ್ಟಿನಿಂದ ಉತ್ತರದವರು. ಹಬ್ಬದ ದಿನ ಶರಣಾದರೆ ಉತ್ತರದವರು ಖುಷಿಯಲ್ಲಿ ಒಳ್ಳೇ ಷರತ್ತು ಕೊಡುತ್ತಾರೆ ಅಂತ ಲೆಕ್ಕ ಹಾಕಿದ್ದಾಗಿ ಅವರೇ ಹೇಳಿದ್ದಾರೆ.

ಕಡೂರು ಹುಡುಗ

ತಡವಾಗಿ ಬಂದೆ. ಬಾಹ್ಯಾಕಾಶದ್ದು ಯಾರೂ ಹಾಕಿಲ್ಲ, ನಾನು ಹಾಕುತ್ತೇನೆ. 1976ಕ್ಕೆ ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ. ಆ ಜುಲೈ 4ರಂದೇ ವೈಕಿಂಗ್-1 ನೌಕೆಯನ್ನು ಮಂಗಳ ಗ್ರಹದ ಮೇಲೆ ಇಳಿಸಬೇಕು ಅಂತ ನಾಸಾ ದಿನ ಇಟ್ಟಿತ್ತು. ಹತ್ತಿರ ಹೋಗಿ ಫೋಟೋ ತೆಗೆದರೆ ಇಳಿಯುವ ಜಾಗ ತೀರಾ ಒರಟು. ಹಬ್ಬಕ್ಕೆ ಇಳಿಸುವುದು ಬಿಟ್ಟು ಬೇರೆ ಜಾಗ ಹುಡುಕಿದರು, ಅದು ಸರಿಯಾದ ತೀರ್ಮಾನ. ಕೊನೆಗೆ ಇಳಿದಿದ್ದು ಜುಲೈ 20ರಂದು. ಅವತ್ತು ಏನು? 1969ರ ಜುಲೈ 20, ಅಪೊಲೊ-11 ಚಂದ್ರನ ಮೇಲೆ ಇಳಿದ ದಿನ. ಬೇಕಂತ ಇಟ್ಟ ದಿನ ಕೈತಪ್ಪಿ, ಬೇಡದೇ ಇನ್ನೊಂದು ದೊಡ್ಡ ದಿನ ಸಿಕ್ಕಿತು. ಜುಲೈ 4 ಆಮೇಲೆ 1997ರಲ್ಲಿ ಈಡೇರಿತು, ಪಾಥ್‌ಫೈಂಡರ್ ಗಾಳಿ ಚೀಲ ಕಟ್ಟಿಕೊಂಡು ಪುಟಿದು ಪುಟಿದು ಮಂಗಳಕ್ಕೆ ಇಳಿಯಿತು.

ಇನ್ನೊಂದು ಏಪ್ರಿಲ್ 12. ನನಗೆ ಜುಲೈ 4ಕ್ಕಿಂತ ಇದೇ ಇಷ್ಟ. 1861ರಲ್ಲಿ ಫೋರ್ಟ್ ಸಮ್ಟರ್ ಮೇಲೆ ಬೆಳಗಿನ ನಾಲ್ಕೂವರೆಗೆ ಗುಂಡು ಹಾರಿ ಅಂತರ್ಯುದ್ಧ ಶುರು. 1945ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ನಿಧನ. ಅವರಿಗೆ ನಡೆಯಲು ಆಗುತ್ತಿರಲಿಲ್ಲ, ಪೋಲಿಯೋ ಅಂತ ಆಗ ವೈದ್ಯರು ಹೇಳಿದ್ದರು. ಆ ರೋಗದ ವಿರುದ್ಧ ಹಣ ಸೇರಿಸಲು 1938ರಲ್ಲಿ ಸಂಸ್ಥೆ ಕಟ್ಟಿದರು. ಜನ ಚಿಲ್ಲರೆ ಕಾಸು ಕಳಿಸಿದರು. ಅದೇ ಹಣದಿಂದ ಜೋನಸ್ ಸಾಲ್ಕ್ ಲಸಿಕೆ ಬಂತು, 18 ಲಕ್ಷ ಮಕ್ಕಳು ಪ್ರಯೋಗದಲ್ಲಿ ಸೇರಿದರು. ಲಸಿಕೆ ಕೆಲಸ ಮಾಡುತ್ತದೆ ಅಂತ ಮಿಚಿಗನ್‌ನಲ್ಲಿ ಪ್ರಕಟಿಸಿದ್ದು 1955ರ ಏಪ್ರಿಲ್ 12, ರೂಸ್‌ವೆಲ್ಟ್ ಹೋಗಿ ಸರಿಯಾಗಿ ಹತ್ತು ವರ್ಷ. 1981ರ ಏಪ್ರಿಲ್ 12ರಂದು ನಾಸಾದ ಮೊದಲ ಬಾಹ್ಯಾಕಾಶ ಶಟಲ್ ಕೊಲಂಬಿಯಾ ಹಾರಿತು. ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ ಹಾರಿ ಅವತ್ತಿಗೆ 20 ವರ್ಷ. ಆದರೆ ಅದು ಹಾರಬೇಕಿದ್ದಿದ್ದು ಏಪ್ರಿಲ್ 10ಕ್ಕೆ. ಕಂಪ್ಯೂಟರ್‌ಗಳ ಸಮಯ ಒಂದಕ್ಕೊಂದು ಹೊಂದದೆ ಎರಡು ದಿನ ಮುಂದೆ ಹೋಯಿತು.

ಸಮಾಜ ಟೀಚರ್, ಸಕಲೇಶಪುರ

ಪೋಲಿಯೋ ವಿಷಯ ಓದಿ ಮನಸ್ಸು ತುಂಬಿತು. ಆದರೆ ಏಪ್ರಿಲ್ 12ಕ್ಕೆ ನಮ್ಮಲ್ಲಿ ಬೇಸಿಗೆ ರಜೆ ಬಂದಿರುತ್ತದೆ, ಓದಲು ಮಕ್ಕಳೇ ಇರುವುದಿಲ್ಲ. ಜುಲೈ 4 ಗಟ್ಟಿ ಮಾಡುತ್ತೇನೆ. ಮಳೆ ರಜೆ ಕೊಟ್ಟರೆ ಮರುದಿನ, ಡಗ್ಲಸ್ ಭಾಷಣದ ದಿನ ಓದಿಸುತ್ತೇನೆ, ಅದೂ ಸರಿಯಾದ ದಿನವೇ. ಜುಲೈ 20ರ ಚಂದ್ರ, ಮಂಗಳ ಎರಡನ್ನೂ ಇನ್ನೊಂದು ಹಾಳೆಯಲ್ಲಿ ಬರೆಸುತ್ತೇನೆ.

ಕಡೂರು ಹುಡುಗ

ಮೇಡಂ, ಆ ಹಾಳೆಯಲ್ಲಿ ತಾರೀಖಿನ ಪಕ್ಕ ‘ಅಮೆರಿಕದ ಸಮಯ’ ಅಂತ ಬರೆಸಿ. ಅಪೊಲೊ ಇಳಿದಾಗ ಅಲ್ಲಿ 20ನೇ ತಾರೀಖು ಮಧ್ಯಾಹ್ನ, ನಮ್ಮಲ್ಲಿ ನಡುರಾತ್ರಿ ದಾಟಿ 21 ಆಗಿತ್ತು, ಒಂದೂ ಮುಕ್ಕಾಲು ಗಂಟೆ. ವೈಕಿಂಗ್ ಇಳಿದಾಗ ಮಾತ್ರ ನಮ್ಮಲ್ಲೂ 20ನೇ ತಾರೀಖು, ಸಂಜೆ ಐದೂವರೆ ಹತ್ತಿರ. ಅಂದರೆ ಸಕಲೇಶಪುರದ ಕ್ಯಾಲೆಂಡರ್ ಪ್ರಕಾರ ಅವೆರಡೂ ಒಂದೇ ದಿನ ಅಲ್ಲ. ಅಲ್ಲಿನ ಗಂಟೆ ಕೊಟ್ಟು ಇಲ್ಲಿನ ತಾರೀಖು ಕಂಡುಹಿಡಿಯಿರಿ ಅಂತ ಮಕ್ಕಳಿಗೇ ಬಿಡಿ, ರೇಖಾಂಶದ ಪಾಠವೂ ಅದರಲ್ಲೇ ಆಗುತ್ತದೆ.